ಬಾಡಿಗೆಗೆ ಬೆದರಿ ಬಂದ ಕರಿಕೋಟು

ಮಧುಗಿರಿಯ ಕೋರ್ಟಿನ ಬೀದಿಯಲ್ಲಿ, ಪತ್ರ ಬರಹಗಾರರ ಮೇಜುಗಳ ಸಾಲು ಮುಗಿಯುವ ಕಡೆ, ಹೊಸದೊಂದು ಬೋರ್ಡು ತೂಗಾಡುತ್ತಿದೆ. ಹೊಸದೆಂದೆವು, ವಾಸ್ತವವಾಗಿ ಬೋರ್ಡು ಹಳೆಯದೇ. ವಕೀಲರ ಹೆಸರಿನ ಕೆಳಗೆ ಬೆಂಗಳೂರಿನ ವಿಳಾಸವಿದ್ದ ಜಾಗಕ್ಕೆ ಬಿಳಿ ಬಣ್ಣ ಬಳಿದು ಅದರ ಮೇಲೆ ನಮ್ಮೂರ ಹೆಸರನ್ನು ಬರೆಸಲಾಗಿದೆ. ಮಧ್ಯಾಹ್ನದ ಬಿಸಿಲು ಬಿದ್ದಾಗ ಬಣ್ಣದ ಅಡಿಯಿಂದ ಬೆಂಗಳೂರು ಇನ್ನೂ ಇಣುಕುತ್ತದೆ. ಈ ಮಹನೀಯರ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಅವರ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ಅವರ ಜೊತೆ ಎರಡು ಸಲ ಚಹಾ ಕುಡಿದಿದ್ದೇವೆ. ಎರಡು ಸಲವೂ ಕಾಸು ಕೊಟ್ಟವರು ಅವರೇ.

ವಯಸ್ಸು ನಲವತ್ತಾರು. ಬೆಂಗಳೂರಿನಲ್ಲಿ ಇಪ್ಪತ್ತೊಂದು ವರ್ಷ ವಕೀಲಿ ಮಾಡಿದವರು. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಹೆಂಡತಿಯ ತವರು ಕೊರಟಗೆರೆಯ ಕಡೆ; ಅದೊಂದೇ ಈ ಸೀಮೆಗೂ ಅವರಿಗೂ ಇದ್ದ ನಂಟು. ಮನೆಸಾಮಾನು ತುಂಬಿದ ಲಾರಿಯ ಹಿಂದೆಯೇ ಕಾರಿನಲ್ಲಿ ಬಂದಿಳಿದರು. ಮೊದಲ ದಿನವೇ ಚಹಾದಂಗಡಿಯ ಅಣ್ಣಯ್ಯ ಕೇಳಿದನಂತೆ: “ಅಲ್ಲ ಸಾರ್, ನಮ್ ಹುಡುಗ್ರೆಲ್ಲ ಬಸ್ ಹತ್ತಿ ಬೆಂಗಳೂರಿಗೆ ಓಡ್ತವೆ. ನೀವು ಅಲ್ಲಿಂದ ಇಲ್ಲಿಗ್ ಬಂದ್ರಲ್ಲ?” ವಕೀಲರು ಒಂದೇ ಮಾತು ಹೇಳಿದರು: “ಬಾಡಿಗೆ ಅಣ್ಣಯ್ಯ, ಬಾಡಿಗೆ.”

ಆ ಬಾಡಿಗೆಯ ಲೆಕ್ಕವನ್ನು ಅವರೇ ನಮಗೆ ಬಿಡಿಸಿ ಹೇಳಿದರು. ಎರಡು ಕೋಣೆಯ ಮನೆಗೆ ತಿಂಗಳಿಗೆ 28,000 ರೂಪಾಯಿ. ಮುಂಗಡ ಹತ್ತು ತಿಂಗಳದ್ದು, ಅಂದರೆ 2,80,000. ಮೂವರು ವಕೀಲರು ಸೇರಿ ಹಿಡಿದ ಕಚೇರಿಯಲ್ಲಿ ಇವರ ಪಾಲು 12,000. ಮಕ್ಕಳ ಶಾಲೆ, ತಾಯಿಯ ಔಷಧಿ, ಪೆಟ್ರೋಲು ಬೇರೆ. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗುತ್ತಿತ್ತು. ಆಗೆಲ್ಲ ಬಾಡಿಗೆಯೂ ಮೇಲೇರುತ್ತಿತ್ತು. ಕಕ್ಷಿಗಾರರ ಫೀಜು ಮಾತ್ರ ಹಾಗೆ ಏರಲಿಲ್ಲ. “ಇಪ್ಪತ್ತು ವರ್ಷ ವಾದ ಮಾಡಿದ್ದು ಕಕ್ಷಿಗಾರರ ಪರವಾಗಿ ಅಂದ್ಕೊಂಡಿದ್ದೆ. ಲೆಕ್ಕ ಹಾಕಿ ನೋಡಿದರೆ ಮನೆ ಓನರ್ ಪರವಾಗಿ ಮಾಡಿದ್ದೇನೆ” ಎಂದು ನಕ್ಕರು. ಅದು ನಗುವ ಮಾತಾಗಿರಲಿಲ್ಲ.

ಇಂಥವರು ಈಗ ಒಬ್ಬಿಬ್ಬರಲ್ಲ. ಬೆಂಗಳೂರಿನ ಕೋರ್ಟುಗಳಲ್ಲಿ ತಲೆ ನರೆಯುವ ಹೊತ್ತಿಗೆ ಊರು ಬಿಟ್ಟು ತುಮಕೂರು, ಶಿರಾ, ಮಧುಗಿರಿ ಎಂದು ಮುಖ ಮಾಡುವ ಮಾತನ್ನು ಆಡದ ವಕೀಲರೇ ಕಡಿಮೆ. ಅವರಿಗೆ ಬುದ್ಧಿ ಹೇಳುವವರೂ ಹುಟ್ಟಿಕೊಂಡಿದ್ದಾರೆ. “ಸಣ್ಣ ಊರಿಗೆ ಹೋಗಿ, ಖರ್ಚು ಅರ್ಧವಾಗುತ್ತದೆ, ಗಾಳಿ ಚೆನ್ನಾಗಿದೆ, ಮನಸ್ಸಿಗೆ ನೆಮ್ಮದಿ” ಎಂಬುದು ಅವರ ಉಪದೇಶ. ಗಾಳಿಯ ಮಾತು ಹಾಗಿರಲಿ. ಬಾಡಿಗೆಯೆಂಬುದು ಮಳೆ ಬಿಸಿಲಿನಂತೆ ತಾನಾಗಿಯೇ ಬರತಕ್ಕದ್ದು, ಅದನ್ನು ತಡೆಯುವುದು ಯಾರಿಂದಲೂ ಸಾಧ್ಯವಿಲ್ಲ, ನೆರಳಿರುವಲ್ಲಿಗೆ ಓಡುವುದೊಂದೇ ದಾರಿ ಎಂಬ ಭಾವನೆಯನ್ನು ಈ ಉಪದೇಶಕರು ಜನರ ತಲೆಯಲ್ಲಿ ತುಂಬುತ್ತಿದ್ದಾರೆ. ನಮ್ಮ ಜಗಳ ಇರುವುದು ಈ ಭಾವನೆಯ ಮೇಲೆ.

ಓಡಬಲ್ಲವರು ಯಾರು ಎಂಬುದನ್ನು ಮೊದಲು ನೋಡೋಣ. ವಕೀಲರ ಬಂಡವಾಳ ಅವರ ತಲೆಯಲ್ಲಿದೆ. ಒಂದು ಸನ್ನದು, ಒಂದು ಕರಿಕೋಟು, ನಾಲ್ಕು ಪೆಟ್ಟಿಗೆ ಪುಸ್ತಕ ಲಾರಿಗೇರಿದರೆ ಆಯಿತು. 1961ರ ವಕೀಲರ ಕಾನೂನಿನ 30ನೇ ಕಲಮು 2011ರ ಜೂನ್‌ನಲ್ಲಿ ಜಾರಿಗೆ ಬಂದ ಮೇಲೆ, ಪಟ್ಟಿಯಲ್ಲಿ ಹೆಸರಿರುವ ವಕೀಲರು ದೇಶದ ಯಾವ ಕೋರ್ಟಿನಲ್ಲಿ ಬೇಕಾದರೂ ನಿಂತು ವಾದಿಸಬಹುದು. ಒಂದು ರಾಜ್ಯದ ಪಟ್ಟಿಯಿಂದ ಇನ್ನೊಂದು ರಾಜ್ಯದ ಪಟ್ಟಿಗೆ ಹೆಸರು ವರ್ಗಾಯಿಸಲು ಶುಲ್ಕವೂ ಇಲ್ಲ. ಮೂರು ಕಡೆ ಆಂಧ್ರದಿಂದ ಸುತ್ತುವರಿದ ಪಾವಗಡದ ವಕೀಲರು ಬೇಕೆಂದರೆ ಗಡಿಯಾಚೆಯ ಮಡಕಶಿರಾದಲ್ಲಿಯೂ ವಕಾಲತ್ತು ಹಾಕಬಹುದು. ಕಡಲೆಕಾಯಿ ಮಿಲ್ಲಿನ ಕೆಲಸಗಾರನು ಮಿಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಅಗ್ಗದ ಊರನ್ನು ಹುಡುಕುತ್ತಾ ಹೋಗಬಲ್ಲನೆ? ಶಿರಾ ಪೇಟೆಯ ದಿನಸಿ ವ್ಯಾಪಾರಿ ತನ್ನ ಉದ್ರಿ ಪುಸ್ತಕವನ್ನು ಎತ್ತಿಕೊಂಡು ಹೋಗಬಹುದು. ಅದರಲ್ಲಿ ಬಾಕಿ ಬರೆಸಿದ ಮುನ್ನೂರು ಮನೆಗಳನ್ನು ಎತ್ತಿಕೊಂಡು ಹೋಗುವುದು ಹೇಗೆ?

ಇನ್ನು ಓಡಿ ಬಂದವರ ಹಿಂದೆಯೇ ಬಾಡಿಗೆಯೂ ಓಡಿ ಬರುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಕಣ್ಣೆದುರಿನಲ್ಲಿಯೇ ಇದೆ. ವಕೀಲರು ಮಧುಗಿರಿಯಲ್ಲಿ ಹಿಡಿದ ಮನೆಗೆ ತಿಂಗಳಿಗೆ 8,500 ರೂಪಾಯಿ. ಬೆಂಗಳೂರಿನಿಂದ ಬಂದವರಿಗೆ ಇದು ಧರ್ಮಕ್ಕೆ ಸಿಕ್ಕಂತೆ. ಹೊಸ ಮನೆಯ ವಿಚಾರವನ್ನು ಅವರು ಸಂತೋಷದಿಂದಲೇ ಹೇಳಿದರು. ಅದೇ ಮನೆಯಲ್ಲಿ ಅವರಿಗಿಂತ ಮುಂಚೆ ಇದ್ದವರು ಯಾರು ಎಂದು ನಾವು ಕೇಳಿದೆವು. ಅವರಿಗೆ ತಿಳಿದಿರಲಿಲ್ಲ. ನಮಗೆ ತಿಳಿದಿತ್ತು. ಎಣ್ಣೆ ಮಿಲ್ಲೊಂದರ ಗುಮಾಸ್ತೆ; ನಮ್ಮ ಪತ್ರಿಕೆಯನ್ನು ತಪ್ಪದೆ ಓದುವವರು. ಏಳು ವರ್ಷ ಆ ಮನೆಯಲ್ಲಿದ್ದು ತಿಂಗಳಿಗೆ 5,500 ಕೊಡುತ್ತಿದ್ದರು. ಬೆಂಗಳೂರಿನ ಕುಟುಂಬವೊಂದು 8,500 ಕೊಡಲು ತಯಾರಿದೆ ಎಂದು ದಲ್ಲಾಳಿ ಬಂದು ಹೇಳಿದ ವಾರದಲ್ಲಿಯೇ ಯಜಮಾನರಿಗೆ ಆ ಮನೆ ತಮ್ಮ ಮಗನ ಸಂಸಾರಕ್ಕೆ ಬೇಕಾಯಿತು. ಮಗ ಎಲ್ಲಿಂದಲೂ ಬರಲಿಲ್ಲ. ಗುಮಾಸ್ತೆಯವರು ಊರಾಚೆ ಹೋದರು. ಮಿಲ್ಲಿಗೆ ನಡೆಯುವ ದಾರಿ ಎರಡರಷ್ಟಾಯಿತು. ಕೊಟ್ಟಿದ್ದ 50,000 ಮುಂಗಡದಲ್ಲಿ 20,000 ಕೈಸೇರಿದೆ. ಉಳಿದ 30,000 ಸುಣ್ಣ ಬಣ್ಣಕ್ಕೂ ರಿಪೇರಿಗೂ ಸರಿಹೋಯಿತು ಎಂಬುದು ಯಜಮಾನರ ಉತ್ತರ. ಆ ಮನೆಗೆ ಬಳಿದ ಸುಣ್ಣವನ್ನು ನಾವು ಹೋಗಿ ನೋಡಿದ್ದೇವೆ. ಮೂವತ್ತು ಸಾವಿರದ ಸುಣ್ಣವಾಗಿದ್ದರೆ ಅದು ಮಧುಗಿರಿ ಬೆಟ್ಟದ ಮೇಲಿನಿಂದ ಕಾಣಬೇಕಾಗಿತ್ತು.

ಅದೇ ಸಾಲಿನ ಉಳಿದ ನಾಲ್ಕು ಮನೆಗಳಿಗೂ ಈಗ ಬಾಡಿಗೆ ಏರಿಸುವ ಮಾತು ನಡೆದಿದೆ. “ವಕೀಲರೇ ಅಷ್ಟು ಕೊಡ್ತಾರೆ” ಎಂಬುದು ಕಾರಣ.

ವಕೀಲರು ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಅವರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಅವರನ್ನು ಹಿಂಡಿದ ಕೈಯೂ ಮಧುಗಿರಿಯಲ್ಲಿ ಗುಮಾಸ್ತೆಯನ್ನು ಹಿಂಡುತ್ತಿರುವ ಕೈಯೂ ಒಂದೇ. ಈ ಸಲ ಹಿಂಡುವುದಕ್ಕೆ ಅವರ ಕರಿಕೋಟನ್ನೇ ಬಟ್ಟೆ ಮಾಡಿಕೊಂಡಿದೆ, ಅಷ್ಟೇ.

ಕಾನೂನು ಏನು ಮಾಡುತ್ತಿದೆ ಎಂದು ಓದುಗರು ಕೇಳುವುದು ಸಹಜ. ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾನೂನೊಂದಿತ್ತು. ಅದರ ಜಾಗದಲ್ಲಿ 1999ರ ಕರ್ನಾಟಕ ಬಾಡಿಗೆ ಕಾನೂನು ಬಂದು 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಹೊಸ ಕಾನೂನಿನ ಹೆಸರಿನಿಂದ “ನಿಯಂತ್ರಣ” ಎಂಬ ಪದವನ್ನೇ ತೆಗೆದುಬಿಟ್ಟರು. ಆ ಮಟ್ಟಿಗೆ ಪ್ರಾಮಾಣಿಕರು. ಕಾನೂನಿನ ಲೆಕ್ಕದ ಬಾಡಿಗೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ್ದರೆ ಆ ಕಟ್ಟಡಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ ಎಂದು ಅದರಲ್ಲಿಯೇ ಬರೆದಿದೆ. ಈ ಮೊತ್ತಕ್ಕೆ ಇಂದು ಬೆಂಗಳೂರಿನಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಅಂಗಡಿಗಳ ಮಟ್ಟಿಗೆ ಇನ್ನೊಂದು ಅಳತೆಯಿದೆ. ವ್ಯಾಪಾರಕ್ಕೆ ಬಳಸುವ, ತಳವಿಸ್ತೀರ್ಣ 14 ಚದರ ಮೀಟರ್ ಮೀರದ ಮಳಿಗೆಗೆ ಮಾತ್ರ ರಕ್ಷಣೆ. ನಮ್ಮ ಲೆಕ್ಕದಲ್ಲಿ ಸುಮಾರು 150 ಚದರ ಅಡಿ. ಹತ್ತಡಿ ಅಗಲ ಹನ್ನೆರಡಡಿ ಉದ್ದದ ಮಳಿಗೆ ಇದರೊಳಗೆ ಬಂತು. ವ್ಯಾಪಾರಿ ಬಾಂಧವರು ತಮ್ಮ ಅಂಗಡಿಯನ್ನು ಇಂದೇ ಅಳೆದುಕೊಳ್ಳಲಿ. ಆದರೆ ಅಳತೆಯ ಬಾಗಿಲಲ್ಲಿ ಒಳಗೆ ಬಂದವನು ಬಾಡಿಗೆಯ ಬಾಗಿಲಲ್ಲಿ ಹೊರಗೆ ಹೋಗಬೇಕಾದ ಸಂಭವವೇ ಹೆಚ್ಚು.

ಈ ಕಾನೂನಿನ ಹೊರಗೆ ಬಿದ್ದವನ ಗತಿ? ಅವನಿಗಾಗಿ 1882ರ ಸ್ವತ್ತು ವರ್ಗಾವಣೆ ಕಾನೂನು ಕಾದಿದೆ. ಬ್ರಿಟಿಷರು ಬರೆದದ್ದು. ತಿಂಗಳ ಬಾಡಿಗೆಯವನನ್ನು ಬಿಡಿಸಲು 15 ದಿನದ ನೋಟೀಸು ಸಾಕೆಂದು ಅದರ 106ನೇ ಕಲಮು ಹೇಳುತ್ತದೆ. ಮೂವತ್ತು ವರ್ಷ ಒಂದೇ ಮೂಲೆಯಲ್ಲಿ ಕೂತು ಬೀಡಿ ಬೆಂಕಿಪೊಟ್ಟಣ ಮಾರಿದವನಿಗೂ ಹದಿನೈದು ದಿನ. ನಿನ್ನೆ ಬಂದವನಿಗೂ ಹದಿನೈದು ದಿನ. ಕರಾರು ಬರೆದಿದ್ದರೆ ಕರಾರಿನಂತೆ; ನಮ್ಮ ಪೇಟೆಯಲ್ಲಿ ಕರಾರು ಬರೆದುಕೊಟ್ಟ ಯಜಮಾನರು ಎಷ್ಟು ಜನ?

ಇದಕ್ಕೆ ಹೋಲಿಸಿ ಹೊಲದ ಗೇಣಿಯ ಕಥೆಯನ್ನು ನೆನೆಯಬೇಕು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತಾಗ ಗೇಣಿಯೆಂಬುದು ಭೂಮಿಯಷ್ಟೇ ಹಳೆಯದು, ಅದನ್ನು ಯಾರು ಅಲ್ಲಾಡಿಸುತ್ತಾರೆ ಎಂದು ನಕ್ಕವರಿದ್ದರು. 1974ರಲ್ಲಿ ಗೇಣಿ ಪದ್ಧತಿ ಕಾನೂನಿನಿಂದಲೇ ರದ್ದಾಯಿತು. ಆ ಕಾನೂನಿನ ಭೂನ್ಯಾಯ ಮಂಡಲಿಗಳ ಮುಂದೆ ವಕೀಲರು ಬರಕೂಡದೆಂದು ಕಲಮು ಹಾಕಿದ್ದರು. ಒಡೆಯನು ದುಡ್ಡು ಕೊಟ್ಟು ವಕೀಲನನ್ನು ತಂದರೆ ಗೇಣಿದಾರನು ಯಾರನ್ನು ತರಬೇಕು ಎಂಬ ವಿಚಾರದಿಂದ. ಸುಪ್ರೀಂ ಕೋರ್ಟು 1987ರಲ್ಲಿ ಆ ಕಲಮನ್ನು ತೆಗೆದುಹಾಕಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಹೊಲದ ಬಾಡಿಗೆಗೆ ಕೊನೆಯಿದ್ದರೆ ಮನೆಯ ಬಾಡಿಗೆಗೆ ಒಂದು ಮಿತಿಯಾದರೂ ಏಕಿರಬಾರದು ಎಂಬುದು ನಮ್ಮ ಪ್ರಶ್ನೆ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆದಾರಿಕೆ ಕಾನೂನೊಂದನ್ನು ಬರೆದು ರಾಜ್ಯಗಳ ಮುಂದಿಟ್ಟಿತು. ವಾಸದ ಮನೆಗೆ ಮುಂಗಡ ಎರಡು ತಿಂಗಳಿಗಿಂತ ಹೆಚ್ಚಿರಬಾರದು, ಅಂಗಡಿ ಕಚೇರಿಗಳಿಗೆ ಆರು ತಿಂಗಳು ಎಂದಿದೆ. ಒಳ್ಳೆಯದು. ಆದರೆ ಬಾಡಿಗೆ ಎಷ್ಟೆಂಬುದನ್ನು ಯಜಮಾನನೂ ಬಾಡಿಗೆದಾರನೂ ಕೂತು ಒಪ್ಪಿಕೊಳ್ಳತಕ್ಕದ್ದಂತೆ! ಬೆಕ್ಕೂ ಇಲಿಯೂ ಕೂತು ಒಪ್ಪಂದ ಮಾಡಿಕೊಂಡ ಹಾಗೆ.

ನಮ್ಮ ಪಾವಗಡದಲ್ಲಿಯೇ ಒಂದು ಬಾಡಿಗೆಯ ವಿಚಾರವಿದೆ. ತಿರುಮಣಿಯ ಸುತ್ತಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ನಿಂತಿದೆ. ರೈತರ ಭೂಮಿಯನ್ನು ಕೊಂಡಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು, ಎರಡು ವರ್ಷಕ್ಕೊಮ್ಮೆ ಶೇಕಡ 5ರಂತೆ ಹೆಚ್ಚಿಸುವುದೆಂದು ಕರಾರು ಮಾಡಿದ್ದಾರೆ. ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಈ ಕರಾರಿನಲ್ಲಿ ಒಂದು ಸಾಲೂ ಇಲ್ಲ. ಅದನ್ನು ಬೇರೊಂದು ವಾರ ಬರೆಯುತ್ತೇವೆ. ಇಲ್ಲಿ ನೋಡಬೇಕಾದ್ದು ಇಷ್ಟು: ದೊಡ್ಡ ಕಂಪನಿಗಳು ಬಾಡಿಗೆದಾರರಾದಾಗ ಬಾಡಿಗೆ ಎಷ್ಟು, ಎಷ್ಟು ವರ್ಷಕ್ಕೆ ಎಷ್ಟು ಏರಬೇಕು ಎಂಬುದೆಲ್ಲ ಕಾಗದದ ಮೇಲೆ ನಿಲ್ಲುತ್ತದೆ. ಮಧುಗಿರಿಯ ಗುಮಾಸ್ತೆ ಬಾಡಿಗೆದಾರನಾದಾಗ ಎರಡು ವರ್ಷಕ್ಕೆ ಶೇಕಡ 5 ಎಂದು ಯಾರೂ ಬರೆದುಕೊಡುವುದಿಲ್ಲ. ಅವರ ಮನೆಯ ಬಾಡಿಗೆ ಒಂದೇ ವಾರದಲ್ಲಿ ಶೇಕಡ 50ಕ್ಕಿಂತ ಹೆಚ್ಚು ಏರಿತು.

ಬಂದವರಿಗಾದರೂ ಸುಖವಿದೆಯೋ? ಅದೂ ಅನುಮಾನ. ನಲವತ್ತಾರನೆಯ ವಯಸ್ಸಿನಲ್ಲಿ ಹೊಸ ಊರಿನ ಕೋರ್ಟಿಗೆ ಹೋದ ವಕೀಲರು ಮತ್ತೆ ಮೊದಲನೆಯ ಮೆಟ್ಟಿಲಿನಲ್ಲಿ ನಿಲ್ಲಬೇಕು. ಇಲ್ಲಿಯ ಪಾಲುವ್ಯಾಜ್ಯ, ಬದುವಿನ ವ್ಯಾಜ್ಯ, ಚೆಕ್ಕು ವಾಪಸಾದ ಪ್ರಕರಣ ಇವೆಲ್ಲ ಯಾರ ಮನೆಗೆ ಯಾರು ಬೀಗರು ಎಂಬುದನ್ನು ಬಲ್ಲ ವಕೀಲರ ಕಡೆಗೇ ಹರಿಯುತ್ತವೆ. ವಕೀಲರು ಜಾಹೀರಾತು ಕೊಡುವಂತಿಲ್ಲ. ಅವರ ಪರಿಷತ್ತಿನ ನಿಯಮ ಬಿಡುವುದಿಲ್ಲ. ಖುದ್ದಾಗಿ ವ್ಯಾಪಾರ ಮಾಡುವಂತಿಲ್ಲ, ಅದಕ್ಕೂ ನಿಷೇಧ. ವ್ಯಾಪಾರಿಯಾದರೆ ಅಂಗಡಿಯ ಮುಂದೆ ಬಾವುಟ ಕಟ್ಟಿ ಧ್ವನಿವರ್ಧಕ ಹಚ್ಚಿ ಕೂಗಬಹುದು, ವಕೀಲರು ಬೋರ್ಡಿನ ಕೆಳಗೆ ಸುಮ್ಮನೆ ಕೂರಬೇಕು. ಆಗ ಕೋರ್ಟಿನ ಗೇಟಿನಲ್ಲಿ ನಿಂತ ದಲ್ಲಾಳಿ ಮೆಲ್ಲಗೆ ಹತ್ತಿರ ಬರುತ್ತಾನೆ: “ಸಾರ್, ಒಂದು ಕೇಸ್ ಐತೆ. ನನ್ನ ಪಾಲು ಎಷ್ಟು?” ಈ ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು ಕೋರ್ಟುಗಳಿಗೆ ಕೊಟ್ಟು 2023ರಲ್ಲಿ ವಕೀಲರ ಕಾನೂನಿಗೆ ತಿದ್ದುಪಡಿಯಾಗಿದೆ. ಕಾನೂನು ತಿದ್ದಿದ ಮಾತ್ರಕ್ಕೆ ಗೇಟಿನಲ್ಲಿ ನಿಂತವನು ಸರಿದುಬಿಡುವುದಿಲ್ಲ.

ಇದೇ ದಾರಿಯನ್ನು ನಮಗಿಂತ ಮುಂಚೆ ತುಳಿದ ಒಬ್ಬ ಬ್ಯಾರಿಸ್ಟರರಿದ್ದರು. 1891ರಲ್ಲಿ ಲಂಡನ್ನಿನಿಂದ ಹಿಂತಿರುಗಿ ಮುಂಬಯಿಯಲ್ಲಿ ಮನೆ ಮಾಡಿ ವಕೀಲಿಗೆ ಕೂತರು. ಖರ್ಚು ಏರಿತು, ಆದಾಯವಿಲ್ಲ. ಮೊದಲ ಪ್ರಕರಣಕ್ಕೆ ಸಿಕ್ಕಿದ್ದು 30 ರೂಪಾಯಿ. ದಲ್ಲಾಳಿಗೆ ಪಾಲು ಕೊಡುವುದಿಲ್ಲವೆಂದು ಹಟ ಹಿಡಿದರು. ಕೋರ್ಟಿನಲ್ಲಿ ಎದ್ದು ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯನ್ನೂ ಕೇಳಲಾರದೆ ಕೂತು ಹಣವನ್ನು ಹಿಂದಿರುಗಿಸಿದರು. ತಿಂಗಳಿಗೆ 75 ರೂಪಾಯಿಯ ಇಂಗ್ಲಿಷ್ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿದರೆ ಪದವೀಧರರಲ್ಲವೆಂದು ಕಳಿಸಿದರು. ಸುಮಾರು ಆರು ತಿಂಗಳಿಗೆ ಮುಂಬಯಿಯ ಮನೆ ಮುಚ್ಚಿ ರಾಜಕೋಟೆಗೆ ಹೋದರು. ಅಲ್ಲಿ ಅರ್ಜಿ ಮನವಿ ಬರೆದು ತಿಂಗಳಿಗೆ 300 ರೂಪಾಯಿ ಸಂಪಾದಿಸತೊಡಗಿದರು. ಅವರು ಮೋಹನದಾಸ ಗಾಂಧಿ. ಖರ್ಚಿಗೆ ಹೆದರಿ ಸಣ್ಣ ಊರಿಗೆ ಬಂದದ್ದರಿಂದ ಸಂಸಾರ ತೂಗಿತು ನಿಜ. ಆದರೆ ಮುಂಬಯಿಯಲ್ಲಿ ಕೊಡದೆ ಉಳಿದ ಪಾಲನ್ನು ರಾಜಕೋಟೆಯಲ್ಲಿ ಕೇಸು ಕಳಿಸುವ ವಕೀಲರಿಗೆ ಕೊಡಬೇಕಾಯಿತು ಎಂದು ತಮ್ಮ ಆತ್ಮಕಥೆಯಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 1893ರಲ್ಲಿ ಅವರು ದಕ್ಷಿಣ ಆಫ್ರಿಕಾಕ್ಕೆ ಹಡಗು ಹತ್ತಿದ ಮೇಲಿನ ಕಥೆ ಎಲ್ಲರಿಗೂ ಗೊತ್ತು. ಅಂಥವರನ್ನೇ ಆ ಪಾಲಿನ ಲೆಕ್ಕಕ್ಕೆ ಎಳೆದ ಊರುಗಳಿವು.

ಇಷ್ಟು ಹೊತ್ತು ವಕೀಲರ ಬಾಡಿಗೆಯ ಮಾತಾಯಿತು. ಆ ಬಾಡಿಗೆಯನ್ನು ಕೊನೆಗೆ ಕೊಡುವವರು ಯಾರು ಎಂಬುದನ್ನೂ ಹೇಳಬೇಕು. ಪಾವಗಡದ ರೈತನೊಬ್ಬನ ಪಾಲಿನ ದಾವೆ ಕೆಳಗಿನ ಕೋರ್ಟಿನಲ್ಲಿ ತೀರ್ಮಾನವಾಗಿ, ಮಧುಗಿರಿಯಲ್ಲಿ ಕೂರುವ ಹೆಚ್ಚುವರಿ ಜಿಲ್ಲಾ ನ್ಯಾಯಾಲಯದಲ್ಲಿ ಮೇಲ್ಮನವಿ ಮುಗಿದು, ಎರಡನೆಯ ಮೇಲ್ಮನವಿಗೆ ಹೋಗಬೇಕಾದರೆ ದಾರಿ ಇರುವುದು ಒಂದೇ: ಬೆಂಗಳೂರಿನ ಅಠಾರಾ ಕಚೇರಿ. ರಾಜ್ಯದಲ್ಲೆಲ್ಲ ಬಾಡಿಗೆ ಹೆಚ್ಚಿರುವ ಊರಿನಲ್ಲಿ ಹೈಕೋರ್ಟು. ಅಲ್ಲಿ ವಾದಿಸುವ ವಕೀಲರು ಆ ಊರಿನಲ್ಲಿ ಮನೆ ಮಾಡಬೇಕು, ಕಚೇರಿ ಹಿಡಿಯಬೇಕು. ಅವರು ಕೇಳುವ ಫೀಜಿನಲ್ಲಿ ಆ 28,000 ಇದೆ, ಆ 12,000 ಇದೆ. ಹೀಗೆ ಬೆಂಗಳೂರನ್ನು ಜನ್ಮದಲ್ಲಿ ನಾಲ್ಕು ಸಲ ನೋಡಿದ ಪಾವಗಡದ ರೈತ ಬೆಂಗಳೂರಿನ ಮನೆ ಯಜಮಾನನಿಗೆ ಬಾಡಿಗೆ ಕೊಡುತ್ತಿದ್ದಾನೆ. ಅವನಿಗೆ ಅದು ಗೊತ್ತಿಲ್ಲ. ವಕೀಲರ ಆಸೆ ದೊಡ್ಡದು ಎಂದು ಅವನು ವಕೀಲರನ್ನು ಬೈಯುತ್ತಾನೆ.

ಇದನ್ನು ಬದಲಾಯಿಸಲಾಗದು ಎನ್ನುವವರು ಉತ್ತರ ಕರ್ನಾಟಕದವರನ್ನು ಕೇಳಲಿ. 1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಮುಂಬಯಿ ಮತ್ತು ಹೈದರಾಬಾದಿನ ಹೈಕೋರ್ಟುಗಳಿಗೆ ಹೋಗುತ್ತಿದ್ದ ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯ ವ್ಯಾಜ್ಯಗಳೆಲ್ಲ ಬೆಂಗಳೂರಿಗೆ ತಿರುಗಿದವು. ನಡುವಯಸ್ಸಿನ ವಕೀಲರು ಗಂಟುಮೂಟೆ ಕಟ್ಟಬೇಕಾಯಿತು. ಕಟ್ಟಲಾರದವರು ಹೈಕೋರ್ಟಿನ ಕೆಲಸವನ್ನೇ ಬಿಟ್ಟರು. ಅಲ್ಲಿಯ ವಕೀಲರೂ ಜನರೂ ದಶಕಗಳ ಕಾಲ ಬೀದಿಗಿಳಿದು ಕೇಳಿದ ಮೇಲೆ 2008ರ ಜುಲೈನಲ್ಲಿ ಧಾರವಾಡದಲ್ಲಿಯೂ ಕಲಬುರಗಿಯಲ್ಲಿಯೂ ಸಂಚಾರಿ ಪೀಠಗಳು ಬಂದವು. 2013ರ ಆಗಸ್ಟಿನಲ್ಲಿ ಖಾಯಂ ಆದವು. ಬೆಂಗಳೂರಿನಲ್ಲಿ ಬೇರೂರಿದ್ದ ಆ ಕಡೆಯ ವಕೀಲರು ಹಿಂತಿರುಗಿ ಹೋಗಲು ಒಂದು ಕಾರಣ ಸಿಕ್ಕಿತು. ಅದು ಬಾಡಿಗೆಗೆ ಹೆದರಿದ ಓಟವಾಗಿರಲಿಲ್ಲ. ಕೋರ್ಟೇ ಜನರ ಹತ್ತಿರ ಬಂದಾಗ ವಕೀಲರೂ ಹಿಂದೆ ಬಂದರು. ತುಮಕೂರು ಜಿಲ್ಲೆ ಬೆಂಗಳೂರಿಗೆ ಹತ್ತಿರವೆಂಬ ನೆಪದಲ್ಲಿ ಬೆಂಗಳೂರಿನ ಪೀಠಕ್ಕೇ ಉಳಿಯಿತು. ತುಮಕೂರು ಪಟ್ಟಣಕ್ಕೆ ಅದು ಹತ್ತಿರವೇ ಸರಿ. ನಿಡುಗಲ್ ದುರ್ಗದ ಬುಡದಲ್ಲಿ ನಿಂತು ಯಾರಾದರೂ ಈ ಮಾತನ್ನು ಹೇಳಲಿ ನೋಡೋಣ.

2020ರ ರೋಗದ ಕಾಲದಿಂದ ವಿಡಿಯೋ ಮೂಲಕ ವಿಚಾರಣೆ ಬಂದಿದೆ, ಮಧುಗಿರಿಯಲ್ಲಿ ಕೂತೇ ಹೈಕೋರ್ಟಿನಲ್ಲಿ ವಾದಿಸಬಹುದು ಎಂದು ನಮ್ಮ ವಕೀಲರು ಉತ್ಸಾಹದಿಂದ ಹೇಳಿದರು. ಅವರು ಬಂದ ಧೈರ್ಯವೇ ಅದು. ಸಂತೋಷ. ಹಾಗಾದರೆ ನಾವು ಒಂದು ಲೆಕ್ಕ ಕೇಳುತ್ತೇವೆ, ಸಿಟ್ಟಾಗಬಾರದು. ಫೀಜಿನೊಳಗಿದ್ದ ಆ ನಲವತ್ತು ಸಾವಿರದ ಬಾಡಿಗೆ ಈಗ ಇಳಿದಿದೆಯಷ್ಟೆ. ಪಾವಗಡದ ಕಕ್ಷಿಗಾರನ ಫೀಜಿನಲ್ಲಿ ಎಷ್ಟು ಇಳಿಸುತ್ತೀರಿ? ಖರ್ಚು ಮಧುಗಿರಿಯದು, ಫೀಜು ಬೆಂಗಳೂರಿನದು ಎಂದಾದರೆ, ತಾವು ಓಡಿ ಬಂದ ಮನೆ ಯಜಮಾನನ ಜಾಗದಲ್ಲಿ ತಾವೇ ಕೂತಂತಾಯಿತು. ಜೊತೆಗೆ ಕೆಲಸ ಕಲಿಯುವ ಹುಡುಗರನ್ನು ಇಟ್ಟುಕೊಂಡರೆ ಅವರಿಗೆ ಎಷ್ಟು ಕೊಡುತ್ತೀರಿ? ಅಖಿಲ ಭಾರತದ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿರೆಂದು ಶಿಫಾರಸು ಮಾಡಿದೆ. ಶಿಫಾರಸು ಮಾತ್ರ. ನಮ್ಮ ತಾಲ್ಲೂಕುಗಳಲ್ಲಿ ಆ ಹದಿನೈದು ಸಾವಿರವನ್ನು ಎಣಿಸಿ ಪಡೆದ ಕಿರಿಯ ವಕೀಲ ಯಾರಾದರೂ ಇದ್ದರೆ ಅವನ ಫೋಟೋವನ್ನು ಪತ್ರಿಕೆಯಲ್ಲಿ ಹಾಕುತ್ತೇವೆ.

ಸ್ಥಳೀಯ ವಕೀಲ ಮಿತ್ರರಿಗೂ ಒಂದು ಮಾತು. “ಹೊರಗಿನವರು ಬಂದು ನಮ್ಮ ಅನ್ನ ಕಸಿಯುತ್ತಾರೆ” ಎಂಬ ಗುಸುಗುಸು ವಕೀಲರ ಸಂಘದ ಕೊಠಡಿಯಲ್ಲಿ ನಡೆದಿದೆಯೆಂದು ಕೇಳಿದ್ದೇವೆ. ಈ ಮಾತು ಬೇಡ. ನಮ್ಮ ನಾಲ್ಕು ತಾಲ್ಲೂಕುಗಳ ಎಷ್ಟು ಮಕ್ಕಳು ಬೆಂಗಳೂರಿನ ಪೀಣ್ಯದಲ್ಲಿ ಕೂಲಿ ಮಾಡುತ್ತಿದ್ದಾರೆ, ಎಷ್ಟು ಜನ ಅಲ್ಲಿ ಹೋಟೆಲು ಹಾಕಿದ್ದಾರೆ! ಅವರಿಗೂ ಅಲ್ಲಿಯವರು ಇದೇ ಮಾತನ್ನು ಹೇಳಿದರೆ? ಅನ್ನ ಕಸಿಯುತ್ತಿರುವವನು ಕೋರ್ಟಿನೊಳಗಿಲ್ಲ; ಪ್ರತಿ ತಿಂಗಳ ಐದನೆಯ ತಾರೀಕು ನಿಮ್ಮ ಕಚೇರಿಯ ಬಾಗಿಲಿಗೂ ಬರುತ್ತಾನೆ.

ವಕೀಲರನ್ನು ಊರು ಬಿಟ್ಟು ಹೋಗಿರೆಂದು ನಾವು ಹೇಳುತ್ತಿಲ್ಲ. ಇರಲಿ. ಸಂತೆಗೆ ಬರಲಿ, ಮಕ್ಕಳನ್ನು ಇಲ್ಲಿಯ ಶಾಲೆಗೇ ಸೇರಿಸಲಿ. ಆದರೆ ಬಾಡಿಗೆಯ ಏಟು ತಿಂದವರೂ ಕಾನೂನನ್ನು ಬಲ್ಲವರೂ ಒಬ್ಬರೇ ಆಗಿರುವುದು ಅಪರೂಪ. ಆ ಅಪರೂಪವನ್ನು ನಾವು ಬಳಸಿಕೊಳ್ಳದೆ ಬಿಡುವುದಿಲ್ಲ. 3,500 ಮತ್ತು 2,000 ರೂಪಾಯಿಯ ಆ ಹಾಸ್ಯಾಸ್ಪದ ಮಿತಿಯನ್ನು ತೆಗೆದು ಇಂದಿನ ಬಾಡಿಗೆಗೆ ತಕ್ಕಂತೆ ಬರೆಯಬೇಕು, ಮುಂಗಡ ಎರಡು ತಿಂಗಳಿಗೆ ನಿಲ್ಲಬೇಕು, ಏರಿಕೆಗೆ ಸೌರ ಪಾರ್ಕಿನ ಕರಾರಿನಂತೆ ಒಂದು ಲೆಕ್ಕವಿರಬೇಕು, ಹದಿನೈದು ದಿನದ ನೋಟೀಸಿನ ಜಾಗದಲ್ಲಿ ಮನುಷ್ಯರು ಇನ್ನೊಂದು ಸೂರು ಹುಡುಕಿಕೊಳ್ಳುವಷ್ಟು ಕಾಲಾವಕಾಶವಿರಬೇಕು. ಈ ಮನವಿಯನ್ನು ಶಾಸಕರಿಗೆ ಕೊಡಲು ಕರಡು ಬರೆದುಕೊಡುವವರು ನಮಗೆ ಬೇಕಾಗಿದೆ. ರಾಜಕೋಟೆಯ ಬ್ಯಾರಿಸ್ಟರರು ಬರೆಯುತ್ತಿದ್ದುದೂ ಮನವಿಗಳನ್ನೇ.

ಮಿಲ್ಲಿನ ಸಂಗಾತಿಗಳು ಒಂದು ವಿಷಯವನ್ನು ತಿಳಿದಿರಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾನೂನಿನ 12ನೇ ಕಲಮಿನಂತೆ ಕೈಗಾರಿಕಾ ಕೆಲಸಗಾರರಿಗೆ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿದೆ. ಇದಕ್ಕೆ ಆದಾಯದ ಮಿತಿಯಿಲ್ಲ. ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ಹಾಗೆಯೇ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು. ಹೊಸ ವಕೀಲರು ಆ ಸಮಿತಿಯ ಪಟ್ಟಿಗೆ ತಮ್ಮ ಹೆಸರನ್ನೂ ಕೊಡಬೇಕೆಂದು ಕೇಳಿದ್ದೇವೆ, ಒಪ್ಪಿದ್ದಾರೆ. ಸಣ್ಣ ವ್ಯಾಪಾರಿಗಳಿಗೆ ಈ ಕಲಮಿನಲ್ಲಿ ನೇರ ಜಾಗವಿಲ್ಲ, ಆದಾಯ ಕಡಿಮೆಯಿದ್ದವರಿಗೆ ಮಾತ್ರ ಉಂಟು. ಅವರು ಅಂಗಡಿಯ ಅಳತೆಯನ್ನೂ ಬಾಡಿಗೆ ಕೊಟ್ಟ ರಸೀದಿಗಳನ್ನೂ ಈಗಿನಿಂದಲೇ ಜೋಡಿಸಿಟ್ಟುಕೊಳ್ಳಲಿ. ಕೈಯಲ್ಲಿ ಕೊಟ್ಟು ರಸೀದಿಯಿಲ್ಲದವರು ಮುಂದಿನ ತಿಂಗಳಿನಿಂದ ಬ್ಯಾಂಕಿನ ಮೂಲಕವೇ ಕಟ್ಟಲಿ.

ಉಳಿದದ್ದು ಗುಮಾಸ್ತೆಯವರ 30,000. ಮುಂಗಡವನ್ನು ಹಿಂದಿರುಗಿಸಿರೆಂದು ಯಜಮಾನರಿಗೆ ವಕೀಲರ ನೋಟೀಸು ಹೋಗಬೇಕಾಗಿದೆ. ಅದನ್ನು ಬರೆಯಲು ಊರಿನ ಇಬ್ಬರು ವಕೀಲರು ಹಿಂಜರಿದರು; ಯಜಮಾನರು ಅವರ ಹಳೆಯ ಕಕ್ಷಿಗಾರರಂತೆ. ಹೊಸ ವಕೀಲರಿಗೆ ಅವರು ಕಕ್ಷಿಗಾರರಲ್ಲ, ಮನೆಯ ಯಜಮಾನರು ಮಾತ್ರ. ನೋಟೀಸು ಬರೆದರೆ ಆ 8,500 ರೂಪಾಯಿಯ ಮನೆ ಎಷ್ಟು ದಿನ ಉಳಿದೀತೆಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಬರೆಯುತ್ತೇನೆಂದು ಅವರು ಇನ್ನೂ ಹೇಳಿಲ್ಲ; ಇಲ್ಲವೆಂದೂ ಹೇಳಿಲ್ಲ. ಗುಮಾಸ್ತೆಯವರು ಸೋಮವಾರ ಸಂಜೆ ಮಿಲ್ಲು ಬಿಟ್ಟ ಮೇಲೆ ಅವರ ಕಚೇರಿಗೆ ಹೋಗುತ್ತಾರೆ. ನಾವೂ ಜೊತೆಗೆ ಹೋಗುತ್ತೇವೆ.